ಅಕ್ಕನ ಮನೆಗೆ ಬಂದ ಬ್ಯಾನಿ

ಅಕ್ಕನ ಎರಡನೆಯ ಕೂಸು ಸತ್ತ ಮೇಲೆ ಅವಳ ಅತ್ತೆ ಬಬಲೇಶ್ವರದಿಂದ ಟಿಕೋಟಾದ ನಮ್ಮ ಮನೆಗೆ ಬಂದು, ನನ್ನನ್ನೂ ತನ್ನ ಮಗನಿಗೇ ಕೊಡಿರೆಂದು ಕೇಳಿದಳು. ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದೆ.

"ಹಿರ‍್ಯಾಕಿ ಹೊಟ್ಟಿ ಸರಿ ಇಲ್ರಿ. ಹಂಗಂತ ಆಕೀನ್ನ ಹೊರಗ ಹಾಕೂದಿಲ್ಲ ನಾವು. ಸಣ್ಣಾಕೀನ್ನ ಕೊಡ್ರಿ, ಅಕ್ಕ-ತಂಗಿ ಕೂಡಿ ಬಾಳೇವು ಮಾಡ್ತಾರ. ಹೊರಗಿನಾಕಿ ಬಂದ್ರ ನಿಮ್ಮ ಮಗಳಿಗೇ ತ್ರಾಸ."

ಅವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅಪ್ಪ ಬೇಡ ಎನ್ನಲಿಲ್ಲ. ನಮ್ಮ ಕಡೆ ಹಾಗೆ ಕೊಡುವುದು ಹೊಸದಲ್ಲ. ನಾನು ಒಲ್ಲೆ ಎಂದೆ. ಅದನ್ನು ಯಾರೂ ಉತ್ತರವೆಂದು ಎಣಿಸಲಿಲ್ಲ.

ಅಕ್ಕನ ಗಂಡ ಲಾರಿ ಓಡಿಸುತ್ತಿದ್ದ. ಸೋಲಾಪುರ, ಪುಣೆ, ಮುಂಬಯಿ ಎಂದು ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಿದ್ದ. ಬಂದಾಗ ಸೋಲಾಪುರದ ಚಾದರ, ಬಳೆ, ಡಬ್ಬಿ ತುಂಬ ಫರಾಳದ ತಿಂಡಿ ತರುತ್ತಿದ್ದ. ನಗುಮುಖದವ, ಹಾಡು ಗುನುಗುವವ. ಮದುವೆಯ ಮೊದಲ ವರ್ಷ ಅಕ್ಕ ಅವನ ಲಾರಿಯ ಹಾರನ್ನನ್ನು ಊರ ಹೊರಗಿನಿಂದಲೇ ಗುರುತು ಹಿಡಿಯುತ್ತಿದ್ದಳಂತೆ.

ಅವಳ ಮೊದಲ ಕೂಸು ಏಳು ತಿಂಗಳಿಗೇ ಸತ್ತು ಹುಟ್ಟಿತು. ಎರಡನೆಯದು ಜೀವಂತ ಹುಟ್ಟಿತು, ಆದರೆ ಮೂಗು ಸದಾ ಕಟ್ಟಿಕೊಂಡು ಮೊಲೆ ಹಿಡಿಯಲಾಗದೆ ಒದ್ದಾಡುತ್ತಿತ್ತು. ಅಂಗೈ, ಅಂಗಾಲಿನ ತೊಗಲು ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಸುಲಿಯುತ್ತಿತ್ತು. ಹೆಸರಿಡುವ ಮೊದಲೇ ಹೋಯಿತು. ಯಾರೋ ಮಾಡಿಸಿದ್ದಾರೆಂದು ಅತ್ತೆ ಅಕ್ಕನ ಕೈಗೆ ತಾಯಿತ ಕಟ್ಟಿಸಿದಳು, ಕಂಡ ಕಂಡ ದೇವರಿಗೆ ಹರಕೆ ಹೊರಿಸಿದಳು. ಇಷ್ಟಾದರೂ ಅಕ್ಕನ ಕೂದಲು ಹಿಡಿ ಹಿಡಿಯಾಗಿ ಉದುರುವುದು ನಿಲ್ಲಲಿಲ್ಲ.

ನನ್ನ ನಿಶ್ಚಯದ ಮಾತು ನಡೆದಿರುವಾಗಲೇ ಅಕ್ಕ ಮೂರನೆಯ ಸಲ ಬಸುರಾದಳು. ತವರಿಗೆ ಬಂದವಳು ಒಂದು ದಿನ ಹಿತ್ತಲಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: "ಇಜಾಪುರಕ್ಕ ಬರ‍್ತೀ? ಅವ್ವಗ ಬಳಿ ಇಡಿಸ್ಕೊಂಡು ಬರ‍್ತೇವಂತ ಹೇಳೂಣು."

"ಎಲ್ಲಿಗೆ ಬೇ?"

"ದವಾಖಾನಿಗೆ. ಇದೂ ಹ್ವಾದ್ರ ನಾ ಬದುಕೂದಿಲ್ಲ. ನಾ ಹ್ವಾದ್ರ ನಿನ್ನ ಅಲ್ಲಿಗೇ ದಬ್ಬತಾರ."

ಅಥಣಿ ಕಡೆಯಿಂದ ಬರುವ ಬಸ್ಸು ಹಿಡಿದು ವಿಜಯಪುರಕ್ಕೆ ಹೋದೆವು. ದವಾಖಾನೆಯ ಡಾಕ್ಟರಬಾಯಿ ಅಕ್ಕನ ಅಂಗೈಯ ಕಂದು ಕಲೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಸತ್ತ ಕೂಸುಗಳ ಬಗ್ಗೆ ಒಂದೊಂದಾಗಿ ಕೇಳಿದರು. ಆಮೇಲೆ ನನಗೆ ಹೊರಗೆ ಕೂಡಲು ಹೇಳಿದರು. ಅಕ್ಕ ನನ್ನ ಕೈ ಬಿಡಲಿಲ್ಲ.

"ಇರ‍್ಲಿ ಬಿಡ್ರಿ ಬಾಯಾರ. ಆಕೀನೂ ಅದ ಮನಿಗೆ ಬರೂಕಿ ಅದಾಳ."

ಡಾಕ್ಟರಬಾಯಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅಕ್ಕನ ರಕ್ತ ತೆಗೆಸಿ, ಮುಂದಿನ ವಾರ ಬರಲು ಹೇಳಿದರು. ಮುಂದಿನ ವಾರ ಅವರು ಬಾಗಿಲು ಹಾಕಿಕೊಂಡು ಹೇಳಿದ್ದು ಹೀಗೆ: "ಇದು ಗರ್ಮಿ ಬ್ಯಾನಿ, ಸಿಫಿಲಿಸ್ ಅಂತಾರ. ಗಂಡ-ಹೆಂಡತಿ ಕೂಡೋದರಿಂದ ಒಬ್ಬರಿಂದ ಒಬ್ಬರಿಗೆ ಬರ‍್ತದ. ತಾಯಿಯಿಂದ ಹೊಟ್ಟೀಲಿರೋ ಕೂಸಿಗೂ ಹೋಗ್ತದ."

ಅಕ್ಕ ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಸಿದಳು. "ದೇವ್ರಾಣಿ ನಾ ಎಲ್ಲಿಗೂ ಹೋಗಿಲ್ರಿ ಯವ್ವಾ. ನಾ ಹಂತಾಕಿ ಅಲ್ರಿ."

"ನೀ ಹೋಗಿದ್ದೀ ಅಂತ ಅಂದೆನೇನು? ನಿನ್ನ ಗಂಡ ಎಲ್ಲೆಲ್ಲಿ ಇರ‍್ತಾನ, ಅದನ್ನ ಹೇಳು."

ಅಕ್ಕ ಊರುಗಳ ಹೆಸರು ಹೇಳುತ್ತ ಹೋದಳು. ಸೋಲಾಪುರ ಎನ್ನುವಾಗ ದನಿ ನಿಂತುಹೋಯಿತು. ಆ ಹೆಸರನ್ನು ಅವಳು ಮದುವೆಯಾದಾಗಿನಿಂದ ಚಾದರದ ಊರೆಂದೇ ತಿಳಿದಿದ್ದಳು.

ಬಹಳ ವರ್ಷಗಳ ಮೇಲೆ ಎಚ್‌ಐವಿ ಎಂಬ ಹೆಸರು ನಮ್ಮ ಜಿಲ್ಲೆಗೆ ಬಂತು. ಆ ವೈರಸ್ಸಿನಲ್ಲೂ ತಳಿ, ಉಪತಳಿ ಇವೆಯೆಂದೂ, ರಕ್ತ ಪರೀಕ್ಷಿಸಿ ಅದು ಯಾವ ಸೀಮೆಯಿಂದ ಯಾವ ಸೀಮೆಗೆ ನಡೆದು ಬಂತೆಂದು ಅಂದಾಜು ಮಾಡುತ್ತಾರೆಂದೂ ಪತ್ರಿಕೆಯಲ್ಲಿ ಓದಿದೆ. ಓದುವಾಗ ನನಗೆ ಆ ಮುಚ್ಚಿದ ಬಾಗಿಲ ಕೋಣೆ ಕಾಣಿಸಿತು. ಆ ಡಾಕ್ಟರಬಾಯಿಯ ಕೈಯಲ್ಲಿ ಅಂಥ ವಿದ್ಯೆ ಇರಲಿಲ್ಲ. ನೆಲದ ಮೇಲೆ ಕೂತು ಅಳುವ ಒಬ್ಬ ಹೆಂಗಸಿನ ಬಾಯಿಂದ ಊರಿನ ಹೆಸರು ಕೇಳಿಯೇ ದಾರಿ ತಿಳಿಯಬೇಕಿತ್ತು. ರೋಗ ಬೇರೆ, ರಸ್ತೆ ಮಾತ್ರ ಅದೇ.

ವಾರಕ್ಕೊಂದರಂತೆ ಮಾಡುವ ಸೂಜಿಗಳಲ್ಲಿ ಮೊದಲನೆಯದನ್ನು ಅಂದೇ ಅಕ್ಕನಿಗೆ ಮಾಡಿದರು. "ಗಂಡನ್ನೂ ಕರಕೊಂಡು ಬಾ. ಅವನಿಗೆ ಔಷಧ ಆಗದ ಹೊರತು ಅವನ ಹತ್ತಿರ ಹೋಗಬ್ಯಾಡ. ಹ್ವಾದ್ರ ಮತ್ತ ಬರ‍್ತದ" ಎಂದರು. ಅಕ್ಕ ತಲೆ ಆಡಿಸಿದಳು. ಹತ್ತಿರ ಹೋಗುವುದು ಬಿಡುವುದು ತನ್ನ ಕೈಯಲ್ಲಿದೆ ಎಂಬಂತೆ ಆಡಿಸಿದಳು.

ಅಕ್ಕ ಬಬಲೇಶ್ವರಕ್ಕೆ ಹೋಗಿ ಗಂಡನಿಗೆ ಹೇಳಿದಾಗ ಅವನು ಮೊದಲು ನಕ್ಕನಂತೆ. "ನನಗೇನಾಗೇತಿ? ಕಲ್ಲಿನಂಗ ಅದೀನಿ. ನೀನ ಎಲ್ಲೆ ಹೇಸಿಗಿ ತುಳದ ಬಂದೀ?" ಎಂದು ಆಮೇಲೆ ಹೊಡೆದ. ಹೊಡೆದ ಮೇಲೆ ಹಾಸಿಗೆಗೂ ಕರೆದ. ತುಟಿ ಒಡೆದುಕೊಂಡು ಟಿಕೋಟಾಕ್ಕೆ ಬಂದ ಅಕ್ಕ ಇದನ್ನೆಲ್ಲ ಅವ್ವನಿಗೆ ಹೇಳಿದಳು, ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಜೋಳದ ಚೀಲಕ್ಕೆ ಒರಗಿ ಕೇಳಿಸಿಕೊಂಡ. "ಇಂಥಾ ಮಾತು ಹೊಸ್ತಲ ದಾಟಬಾರದು. ದಾಟಿದ್ರ ಇಬ್ರೂ ಹೆಣ್ಣಮಕ್ಕಳ ಬಾಳೇವು ಮುಗೀತು" ಎಂದ. ನಿಶ್ಚಯದ ದಿನ ಮಾತ್ರ ಮುಂದೆ ಹೋಗಲಿಲ್ಲ.

ಆ ದಿನ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತಿದ್ದರು. ತಾಟಿನಲ್ಲಿ ಸಕ್ಕರೆ, ಎಲೆಯಡಿಕೆ, ನನಗೆ ಉಡಿಸಲು ತಂದ ಹಸಿರು ಸೀರೆ. ಒಳಕೋಣೆಯಲ್ಲಿ ಅವ್ವ ನನ್ನ ತಲೆ ಬಾಚುತ್ತಿದ್ದಳು. ಅವಳ ಕಣ್ಣೀರು ನನ್ನ ಬೈತಲೆಯ ಮೇಲೆ ಬೀಳುತ್ತಿತ್ತು, ಆದರೂ ಅವಳ ಕೈ ನಿಂತಿರಲಿಲ್ಲ. ಬಾವಿಗೆ ಹಾರಬೇಕೆಂದು ನಾನು ಬೆಳಗಿನಿಂದ ಯೋಚಿಸುತ್ತಿದ್ದೆ. ಹಾರಿದರೆ ಮನೆಯವರಿಗೆ ಆ ಬಾವಿಯ ನೀರು ಕುಡಿಯಲಾಗದು ಎಂದೂ ಯೋಚಿಸುತ್ತಿದ್ದೆ.

ಆಗ ಅಕ್ಕ ಅಡುಗೆಮನೆಯಿಂದ ಎದ್ದು, ತುಂಬಿದ ಹೊಟ್ಟೆಯ ಮೇಲೆ ಸೆರಗು ಹೊದ್ದು, ಗಂಡಸರ ನಡುವೆ ಹೋಗಿ ನಿಂತಳು.

"ಯಪ್ಪಾ, ಹಿರೇರ‍್ರಿ, ಕೇಳ್ರಿ. ನನ್ನ ಗಂಡಗ ಗರ್ಮಿ ಐತಿ. ನನಗ ಅವನಿಂದ ಬಂದೈತಿ. ನನ್ನ ಎರಡೂ ಕೂಸು ಅದರಾಗ ಸತ್ತಾವು. ನನ್ನ ತಂಗೀನ್ನ ಕೊಡಬ್ಯಾಡ್ರಿ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಒಬ್ಬರ ಕೈ ಹಾಗೇ ನಿಂತಿತು. "ಹುಚ್ಚ ಹಿಡದೈತಿ ಇದಕ್ಕ!" ಎಂದು ಅತ್ತೆ ಕೂಗಿದಳು. ಅಕ್ಕನ ಮಾವ ಎದ್ದವನೇ ಸಕ್ಕರೆಯ ತಾಟನ್ನು ಒದ್ದು ಹೊರಗೆ ನಡೆದ. ಅವನ ಹಿಂದೆ ಅವರ ಮಂದಿಯೆಲ್ಲ ಹೋದರು. ನಮ್ಮವರೇ ಒಬ್ಬ ಹಿರಿಯರು ಹೋಗುವಾಗ, "ಹೆಣ್ಣಾಗಿ ನಾಲಿಗಿ ಹೆಂಗ ಹೊಳ್ಳಿತವ್ವಾ ನಿಂದು?" ಎಂದರು. ಮನೆ ಖಾಲಿಯಾದ ಮೇಲೆ ಅಪ್ಪ ಅಕ್ಕನ ಕೆನ್ನೆಗೆ ಹೊಡೆದ. ನಂತರ ಅವಳೊಡನೆ ಮಾತೇ ಆಡಲಿಲ್ಲ. ಅವನು ಉಣ್ಣಲು ಕೂತರೆ ರೊಟ್ಟಿಯನ್ನು ನಾನು ಬಡಿಸಬೇಕಿತ್ತು.

ನನ್ನ ನಿಶ್ಚಯ ಮುರಿಯಿತು. ಅವನ ಮದುವೆ ನಿಲ್ಲಲಿಲ್ಲ. ನಿಡೋಣಿಯ ಹೆಣ್ಣು ಗೊತ್ತಾಗಿದೆಯೆಂದು ಸುದ್ದಿ ಬಂತು. ದಿನ ತುಂಬುತ್ತ ಬಂದಿದ್ದ ಅಕ್ಕ ನನ್ನನ್ನು ಕರೆದುಕೊಂಡು ನಿಡೋಣಿಗೆ ಹೋದಳು. ಆ ಹುಡುಗಿಯ ತಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅಕ್ಕ ಹೇಳುವುದನ್ನೆಲ್ಲ ಕೇಳಿ ಮೊರ ಕೆಳಗಿಟ್ಟಳು.

"ಸವತಿ ಬರ‍್ತಾಳಂತ ಇಷ್ಟು ಹೊಟ್ಟಿಕಿಚ್ಚೇನ? ಕಟಗೊಂಡ ಗಂಡನ ಮ್ಯಾಲೆ ಇಂಥಾ ಸುಳ್ಳು ಹೇಳಾಕ ಬಸಿರ ಹೊತ್ಕೊಂಡು ಬಂದೀಯಲ್ಲ. ಏಳ, ಎದ್ದ ನಡಿ!"

ಬಾಗಿಲಲ್ಲಿ ಒಂದು ಹುಡುಗಿ ನಮಗಾಗಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ನನ್ನದೇ ವಯಸ್ಸು. ನೀರು ಕೊಡುವ ಮೊದಲೇ ಅವಳ ತಾಯಿ ಅವಳನ್ನು ಒಳಗೆ ತಳ್ಳಿದಳು.

ಬಸ್ಸು ಬರುವ ಬೇವಿನ ಗಿಡದ ಕೆಳಗೆ ಕೂತು ಅಕ್ಕ ದನಿ ತೆಗೆದು ಅತ್ತಳು. ಕೂಸುಗಳು ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. "ನಿನ್ನ ಉಳಿಸ್ಕೊಂಡ್ನಿ. ಆ ಹುಡುಗೀನ್ನ ಯಾರ್ ಉಳಸ್ತಾರ? ನನ್ನ ಜಾಗಾಕ್ಕ ಆಕೀನ್ನ ನಾನ ಎಳದಂಗಾತಲ್ಲ ಬೇ."

ಆ ಜಾಗ ನನ್ನದಾಗಿತ್ತು.

ಅಕ್ಕನಿಗೆ ಹೆಣ್ಣು ಹುಟ್ಟಿತು. ಇದಕ್ಕೂ ಮೂಗು ಕಟ್ಟಿತ್ತು. ಈ ಸಲ ತಡಮಾಡದೆ ವಿಜಯಪುರಕ್ಕೆ ಒಯ್ದೆವು. ಡಾಕ್ಟರಬಾಯಿ ಕೂಸಿಗೂ ಅಕ್ಕನಿಗೂ ಮತ್ತೆ ಸೂಜಿ ಮಾಡಿದರು. ಕೂಸು ಉಳಿಯಿತು. ಸಾಲಿಗೆ ಹೋಗುವ ವಯಸ್ಸಿನಲ್ಲಿ ಅದರ ಕಿವಿ ಮಂದವಾಗುತ್ತ ಬಂದು ಕೊನೆಗೆ ಪೂರಾ ಹೋದವು. ಬ್ಯಾನಿ ಮೊದಲೇ ಒಳಗೆ ಬೇರು ಬಿಟ್ಟಿತ್ತು ಎಂದರು ಡಾಕ್ಟರಬಾಯಿ.

ಆ ಕೂಸು ಇನ್ನೂ ತಪ್ಪು ಹೆಜ್ಜೆ ಇಡುತ್ತಿದ್ದಾಗ ನಿಡೋಣಿಯ ಹುಡುಗಿ ಒಬ್ಬಳೇ ನಮ್ಮ ಮನೆಗೆ ಬಂದಳು. ಸತ್ತ ಕೂಸು ಹೆತ್ತು ತಿಂಗಳೂ ಆಗಿರಲಿಲ್ಲ. ಕೂದಲು ಉದುರಿ ನೆತ್ತಿ ಕಾಣುತ್ತಿತ್ತು. "ಅಕ್ಕಾ, ಆ ದವಾಖಾನಿ ಎಲ್ಲೈತಿ?" ಎಂದಷ್ಟೇ ಕೇಳಿದಳು. ಅಕ್ಕ ಅವಳಿಗೆ ಉಣ್ಣಲು ಹಾಕಿ, ಅಂದೇ ಬಸ್ಸು ಹತ್ತಿಸಿ ಕರೆದೊಯ್ದಳು. ಸೂಜಿ ಮಾಡಿಸಿಕೊಂಡು ತಿರುಗಿ ಬಂದು ಟಿಕೋಟಾದಲ್ಲಿ ಇಳಿದಾಗ ಸಂಜೆಯಾಗಿತ್ತು.

"ಈಗ ಅಲ್ಲಿಗೆ ಹೋಗಬ್ಯಾಡ. ಅವ ಔಷಧ ತಗೊಳ್ಳೂದಿಲ್ಲ. ಮತ್ತ ಅದ ಆಗತೈತಿ" ಎಂದಳು ಅಕ್ಕ.

"ಮತ್ತೆಲ್ಲಿಗೆ ಹೋಗ್ಲಿ ಅಕ್ಕಾ? ತವರಮನಿಯವರು ಒಳಗ ಕರಕೊಳ್ಳೂದಿಲ್ಲ. ನೀ ಇಟಗೋತಿಯೇನು?"

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅಕ್ಕನೇ ಆ ಮನೆಯಲ್ಲಿ ಹಂಗಿನ ಕೂಳು ಉಣ್ಣುತ್ತಿದ್ದಳು. ಅವಳು ಸೆರಗಿನ ಗಂಟು ಬಿಚ್ಚಿ ಬಸ್ಸಿನ ಚಿಲ್ಲರೆಯನ್ನು ಹುಡುಗಿಯ ಕೈಗಿಟ್ಟಳು. ಹುಡುಗಿ ಸೂಜಿ ಚುಚ್ಚಿದ ಜಾಗವನ್ನು ಒತ್ತಿ ಹಿಡಿದುಕೊಂಡು, ಕುಂಟುತ್ತ, ಬಬಲೇಶ್ವರದ ಬಸ್ಸು ನಿಲ್ಲುವ ಕಡೆಗೆ ಹೋದಳು. ಉಳಿದ ಸೂಜಿಗಳಿಗೆ ಅವಳು ಮತ್ತೆ ಬರಲಿಲ್ಲ.