ನಿಂತು ರೊಟ್ಟಿ ತಟ್ಟುವ ಕಲ್ಲು

1951ನೇ ಇಸವಿ ನವೆಂಬರ್ 12, ಸೋಮವಾರ. ಬೆಳಿಗ್ಗೆ ಆರೂವರೆಗೆ ಈ ಪತ್ರಿಕೆಗೆ ಬರೆಯಲು ಕೂತೆ. ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿದೆ. ದೀಪಾವಳಿಯ ಹೊತ್ತಿಗೆ ಈ ಸದ್ದು ನಿಂತೇಹೋಗುತ್ತದೆ ಎಂದುಕೊಂಡಿದ್ದೆವು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಈ ಮನೆಯ ಪಡಸಾಲೆಯಲ್ಲಿ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಖಾನಾವಳಿ ನಡೆಸುತ್ತಾಳೆ. ಗಂಡ ತೀರಿಕೊಂಡ ಮೇಲೆ ಯಾರ ಹಂಗಿಗೂ ಬೀಳದೆ ಬದುಕಿದ್ದು ಈ ಒಲೆಯ ಬಲದಿಂದ. ನಾನು ಶಿಕ್ಷಕಿಯರ ತರಬೇತಿಗೆಂದು ಸಿರುಗುಪ್ಪದಿಂದ ಬಂದು ಅವಳೊಡನೆ ಇದ್ದೇನೆ. ದಿನದ ರೊಟ್ಟಿ ಎಷ್ಟು, ಊಟ ಎಷ್ಟು ಎಂದು ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ಶ್ರಾವಣದಿಂದ ರೊಟ್ಟಿಯ ಲೆಕ್ಕ ಇಳಿಯುತ್ತ ಬಂತು. ದೊಡ್ಡವ್ವನ ಮೊಣಕಾಲು ಮಡಚುತ್ತಿರಲಿಲ್ಲ. ನೆಲದ ಒಲೆಯ ಮುಂದೆ ಕೂತವಳನ್ನು ಎಬ್ಬಿಸಲು ನಾನೂ ಬೇಕು, ಕೆಲಸಕ್ಕೆ ಬರುವ ಬಾದನಹಟ್ಟಿಯ ಹೆಂಗಸೂ ಬೇಕು.

ಸುದ್ದಿ ತಿಳಿದು ಸಿರುಗುಪ್ಪದಿಂದ ಅವಳ ತಮ್ಮ, ನನ್ನ ಸೋದರಮಾವ, ಗಾಡಿ ಕಟ್ಟಿಕೊಂಡು ಬಂದ.

"ಅಕ್ಕಾ, ನನ್ನ ಎತ್ತಿ ಬೆಳೆಸಿದಾಕಿ ನೀನು. ಇನ್ನ ನಮ್ಮನಿಯಾಗ ಕುಂತು ಉಣ್ಣು."

"ಕುಂದ್ರಾಕ ಆಗವಲ್ದಂತನ ಅಲ್ಲೇನೋ ತಮ್ಮಾ, ಇಷ್ಟೆಲ್ಲಾ ಆಗಿದ್ದು?" ಎಂದು ದೊಡ್ಡವ್ವ ನಕ್ಕಳು. ದೀಪಾವಳಿ ಕಳೆಯುವವರೆಗೆ ಸಮಯ ಕೇಳಿದಳು. ಅವನು ಹೋದ ಮೇಲೆ ಆ ನಗು ಉಳಿಯಲಿಲ್ಲ.

ನಮ್ಮಲ್ಲಿ ಊಟಕ್ಕೆ ಬರುವ ಕುರುಗೋಡಿನ, ಮನೆ ಕಟ್ಟುವ ಗೌಂಡಿ ಸಾಹೇಬರೊಬ್ಬರು ಇದನ್ನು ಕೇಳಿ, ನಿಮಗೆ ಕೆಳಗೆ ಕೂರಲು ಆಗದಿದ್ದರೆ ಒಲೆಯನ್ನೇ ಮೇಲೆತ್ತೋಣ ಎಂದರು. ದೊಡ್ಡವ್ವನನ್ನು ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ದಾರ ಹಿಡಿದು ಅಳೆದರು. ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ಕುರುಗೋಡಿನ ಕಲ್ಲು ಹಾಸಿ, ಒಂದು ಬದಿ ಒಲೆ, ಇನ್ನೊಂದು ಬದಿ ರೊಟ್ಟಿ ತಟ್ಟುವ ಜಾಗ ಮಾಡಿದರು. ಎಲ್ಲ ಒಂದೇ ಮಟ್ಟ. ಒಲೆಯ ಮುಂದೆ ಹೆಂಗಸು ನಿಂತು ಅಡುಗೆ ಮಾಡಬಾರದು ಎಂದು ಓಣಿಯವರು ಆಡಿಕೊಂಡರು. ದೊಡ್ಡವ್ವ ಒಲೆಗೆ ಕೈಮುಗಿದು ಹಿಟ್ಟು ನಾದಿದಳು.

ರೊಟ್ಟಿ ಹರಡಲಿಲ್ಲ. ನಡುವೆ ದಪ್ಪ, ಅಂಚಿನಲ್ಲಿ ಬಿರುಕು. ಹತ್ತಿ ಗಿರಣಿಯವನೊಬ್ಬ ಒಂದು ತುಂಡು ಮುರಿದು, "ಅವ್ವಾರ, ಈ ರೊಟ್ಟೀನೂ ಕುರುಗೋಡು ಗುಡ್ಡದಾಗಿಂದನ ತಂದೀರೇನು?" ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಆ ಮಧ್ಯಾಹ್ನ ಅವಳು ಉಣ್ಣಲಿಲ್ಲ. ಸಂಜೆ ತನ್ನ ಸೀರೆಗಳನ್ನು ತೆಗೆದು ಮಡಚಿ ಗಂಟು ಕಟ್ಟತೊಡಗಿದಳು.

ಮರುದಿನ ಸಾಹೇಬರು ಏನು ತಪ್ಪಾಯಿತು ಎಂದು ಕೇಳಿದಾಗ ಅವಳು ಅಂಗೈ ಚಾಚಿದಳು. "ಕುಂತು ತಟ್ಟೂವಾಗ ಮೈ ಭಾರ ಎಲ್ಲಾ ಇಲ್ಲಿಗೆ ಇಳೀತಿತ್ರಿ. ಈಗ ಬರೇ ತೋಳಿನ ಬಲ."

ಒಂದು ಹಲಗೆಯ ಮೇಲೆ ನಿಂತು ತಟ್ಟಿ ತೋರಿಸಿದಳು. ರೊಟ್ಟಿ ಅಗಲವಾಗಿ ಹರಡಿತು. ಆದರೆ ಅಲ್ಲಿಂದ ಹಂಚಿಗೆ ಹಾಕಲು ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು. ಒಲೆ ಎತ್ತರದಲ್ಲೇ ಇರಬೇಕು, ತಟ್ಟುವ ಕಲ್ಲು ಮಾತ್ರ ಒಂದು ಗೇಣು ತಗ್ಗಬೇಕು ಎಂದು ಆಗ ತಿಳಿಯಿತು. ಸಾಹೇಬರು ಆ ಬದಿಯನ್ನು ಒಡೆದು ತಗ್ಗಿಸಿದರು. ಬಾದನಹಟ್ಟಿಯ ಹೆಂಗಸು ತಾನೂ ತಟ್ಟಿ ನೋಡಿದಳು. ಆಕೆ ಎತ್ತರದವಳು. ಇಷ್ಟು ತಗ್ಗಿಗೆ ಬಗ್ಗಿದರೆ ನನ್ನ ನಡು ಮುರಿಯುತ್ತದೆ ಎಂದಳು. ಒಂದು ಅಡುಗೆಮನೆಗೆ ಎಷ್ಟು ಜನರನ್ನು ಅಳೆಯಲಿ ಎಂದು ಸಾಹೇಬರು ತಲೆಗೆ ಕೈ ಹಚ್ಚಿದರು.

"ಈ ಕಲ್ಲಿಗೆ ಗಚ್ಚು ಹಾಕಬ್ಯಾಡ್ರಿ ಸಾಹೇಬ್ರ," ಎಂದಳು ದೊಡ್ಡವ್ವ. "ಆಕಿ ತಟ್ಟೂವಾಗ ಇದರ ಕೆಳಗ ಹಲಗಿ ಇಡ್ತೀವಿ. ನಾ ಬಂದಾಗ ತಗೀತೀವಿ."

ಹಬ್ಬ ಮುಗಿದು ಮಾವ ಬಂದ. ಅಕ್ಕನ ಮೊಣಕಾಲಿಗೆ ಕುಲುಕಾಟ ತಾಗದಿರಲೆಂದು ಗಾಡಿಯಲ್ಲಿ ಕೌದಿ ಹಾಸಿದ್ದ. ಊಟ ಮಾಡಿದ. ಕೈ ತೊಳೆದ ಮೇಲೆ ಅಕ್ಕ ನಿಂತು ರೊಟ್ಟಿ ತಟ್ಟುವುದನ್ನು ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನೋಡಿದ. ಊರಿಗೆ ಬಾ ಎಂಬ ಮಾತನ್ನೇ ಎತ್ತಲಿಲ್ಲ. ಹೊರಡುವಾಗ ಕೌದಿಯನ್ನು ಮಡಚಿ ನನ್ನ ಕೈಗೆ ಕೊಟ್ಟ.

"ಆಕಿ ನಿಲ್ಲೋ ಜಾಗದಾಗ ಹಾಸು. ನೆಲ ತಂಪೈತಿ."

ಈಗ ದೊಡ್ಡವ್ವ ಅದರ ಮೇಲೆಯೇ ನಿಲ್ಲುತ್ತಾಳೆ. ಆದರೂ ಸಂಜೆಗೆ ಪಾದ ಊದುತ್ತದೆ. ಎತ್ತರದ ಪೀಠಕ್ಕೆ ಒರಗಿ, ಅರ್ಧ ಕೂತು ಅರ್ಧ ನಿಂತು ರೊಟ್ಟಿ ತಟ್ಟಲು ಬರುತ್ತದೆಯೇ? ಹಾಗೆ ಮಾಡುವವರನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಪೀಠದ ಎತ್ತರದ ಜೊತೆಗೆ ಅದರ ಮೇಲೆ ಕೂರುವ ಹೆಂಗಸು ಎಷ್ಟು ಎತ್ತರ, ಅವಳಿಗೆ ಎಲ್ಲಿ ನೋವು ಎಂಬುದನ್ನೂ ತಿಳಿಸಿ.