ಬಿಳಿ ತೂತಿಗೆ ಹಚ್ಚಿದ ಭಂಡಾರ

ನಮ್ಮ ಅತ್ತೆ ಹಣಮವ್ವ ತವರಿಗೆ ಹೋಗಬೇಕೆಂದರೆ ಅಣ್ಣನೇ ಬಂದು ಕರೆಯಬೇಕು. ಹುನ್ನೂರಿನಿಂದ ಬಾಡಗಂಡಿ ಏನು ಕಾಶಿಯಷ್ಟು ದೂರವೇ? ಬಸ್ಸು ಹತ್ತಿದರೆ ಆಯಿತು. ಆದರೂ ಆಕೆ ಒಬ್ಬಳೇ ಹೋದವಳಲ್ಲ. ಪಂಚಮಿ ಹತ್ತಿರ ಬಂತೆಂದರೆ ಕೈ ರೊಟ್ಟಿ ಬಡಿಯುತ್ತಿದ್ದರೂ ಕಿವಿ ಮಾತ್ರ ಬಾಗಿಲ ಕಡೆ. ಆಕೆಯ ಅಣ್ಣ ಕರೆಪ್ಪ ಮಾವ ಓಣಿಯ ತುದಿಯಿಂದಲೇ "ಹಣಮೀ..." ಎಂದು ಕೂಗುತ್ತ ಬರುತ್ತಿದ್ದರು. ಬೀರೇಶ್ವರನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವ ಗಂಟಲು ಅದು. ಮಲಗಿದ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಮೊಮ್ಮಕ್ಕಳನ್ನು ಕಂಡ ನಮ್ಮ ಅತ್ತೆಯನ್ನು ಹಣಮಿ ಎನ್ನುವವರು ಈ ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಆ ಗಂಟಲಿಗೇ ಗಂಟು ಬಂತು. ಆಪರೇಶನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಆಮೇಲೂ ಮಾವ ಒಂದು ಪಂಚಮಿ ತಪ್ಪಿಸಲಿಲ್ಲ. ಬಂದು ಬಾಗಿಲ ಚಿಲಕ ಬಡಿಯುತ್ತಾರೆ, ಅಷ್ಟೆ. ಅತ್ತೆ ನಗುನಗುತ್ತ ಕಾಲಿಗೆ ನೀರು ಕೊಟ್ಟು, ಅಡುಗೆಮನೆಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ಕೇಳಿದರೆ ಹೊಗೆ ಎನ್ನುತ್ತಾಳೆ. ನಮ್ಮ ಮನೆಗೆ ಗ್ಯಾಸ್ ಬಂದು ಎಷ್ಟು ಕಾಲವಾಯಿತು, ಶಿವನೇ!

ಮಾವನ ದನಿ ಒಂದೇ ಒಂದು ಕಡೆ ಉಳಿದಿತ್ತು. ಅದು ನನ್ನ ಮದುವೆಯ ವಿಡಿಯೊ ಕ್ಯಾಸೆಟ್‌ನಲ್ಲಿ. ಮದುಮಗನ ಸೋದರಮಾವನಲ್ಲವೇ, ಹಂದರದಲ್ಲಿ ನಿಂತು ಪದ ಹಾಡಿದ್ದಾರೆ. ಪದ ಮುಗಿಸಿ, ಹಂದರಕ್ಕೆಲ್ಲ ಕೇಳುವಂತೆ ತಂಗಿಯನ್ನು ಹೆಸರು ಹಿಡಿದು ಕರೆದಿದ್ದಾರೆ. ಅತ್ತೆಗೆ ಬೇಕಾಗಿದ್ದು ಆ ಕರೆ. ಪ್ರತಿ ವರ್ಷ ಅಣ್ಣ ಬರುವ ಮುನ್ನಾದಿನ ವಿಸಿಆರ್ ಹಚ್ಚಿಸಿ, ನನ್ನ ಅರಿಶಿನ, ನನ್ನ ಸೀರೆ, ನನ್ನ ಅಪ್ಪ ಅವ್ವ ಎಲ್ಲವನ್ನೂ ಓಡಿಸಿ, ಅಲ್ಲಿಗೇ ತಂದು ನಿಲ್ಲಿಸುತ್ತಿದ್ದಳು. ನನ್ನ ಮದುವೆಯನ್ನು ನಾನೇ ನೆಟ್ಟಗೆ ನೋಡಿಲ್ಲ ನೋಡಿರಿ! ಮಾವನ ಎದುರು ಮಾತ್ರ ಎಂದೂ ಹಾಕಲಿಲ್ಲ. "ಬ್ಯಾಡಬೇ ವೈಶಾಲಿ, ಅಂವಗ ಸಂಕಟ ಆಗತೈತಿ" ಎನ್ನುತ್ತಿದ್ದಳು.

ಎರಡು ಸಾವಿರದ ಹನ್ನೆರಡರ ಶ್ರಾವಣಕ್ಕೆ ಮೊದಲು ನನ್ನ ಗಂಡ ಪರಮೇಶ ಜಮಖಂಡಿಯಿಂದ ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿವಿ ತಂದರು. ಹಳೆಯ ಡಬ್ಬಿ ಟಿವಿಯನ್ನು ಅಂಗಡಿಗೇ ಕೊಟ್ಟು ಬಂದರು. ಪಂಚಮಿ ಹತ್ತಿರ ಬಂತು, ಅಣ್ಣ ಬರುವ ಮುನ್ನಾದಿನ ಅತ್ತೆ ಕ್ಯಾಸೆಟ್ ಹಿಡಿದು ನಿಂತಳು. ಆಗ ನೋಡಿದರೆ ವಿಸಿಆರ್‌ನಿಂದ ಟಿವಿಗೆ ಹೋಗುವ ದಪ್ಪ ವಾಯರೇ ಇಲ್ಲ.

"ಟಿವಿ ಜೋಡಿ ಹೋತು ಅನಸತೈತಿ" ಎಂದರು ಇವರು.

"ಅದರ ಜೋಡಿ ನಿಮ್ಮ ತಲಿನೂ ಕೊಟ್ಟ ಬರಬೇಕಿತ್ತರಿ!" ಎಂದೆ.

ಪೇಟೆಗೆ ಹೋಗಿ ಮೂರು ಬಣ್ಣದ ವಾಯರು ತಂದರು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ದನಿಗೆ. ನಮ್ಮ ವಿಸಿಆರ್‌ನ ಬೆನ್ನಿಗೆ ಇದ್ದದ್ದು ಹಳದಿ, ಬಿಳಿ ಎರಡೇ ತೂತು. ಈವರೆಗೆ ದಪ್ಪ ವಾಯರಿನಿಂದಲೇ ನಡೆದಿದ್ದರಿಂದ ಅವನ್ನು ಯಾರೂ ಮುಟ್ಟಿರಲಿಲ್ಲ. ಸಿಕ್ಕಿಸಿದರು. ಟಿವಿ 'ಸಿಗ್ನಲ್ ಇಲ್ಲ' ಎಂದಿತು. ನಾನೇ ರಿಮೋಟು ಕಸಿದುಕೊಂಡು, ಸೋರ್ಸ್ ಗುಂಡಿ ಒತ್ತಿ, ಎವಿ ಎಂದಿರುವಲ್ಲಿಗೆ ತಂದೆ. ಚಿತ್ರ ಬಂತು! ರುಮಾಲು ಸುತ್ತಿ, ಕಿವಿಗೆ ಕೈಯಿಟ್ಟು ಮಾವ ಹಾಡುತ್ತಿದ್ದಾರೆ. ಬಾಯಿ ಆಡುತ್ತಿದೆ, ದನಿ ಮಾತ್ರ ಇಲ್ಲ.

ವಾಲ್ಯೂಮು ಏರಿಸಿದೆವು. ಟಿವಿಯ ಕಡೆ ಬಿಳಿ ಪಿನ್ನು ತೆಗೆದು ಕೆಂಪು ತೂತಿಗೆ ಹಾಕಿದೆವು. ಪಕ್ಕದ ಮನೆಯ ಕಾಶಪ್ಪನ ವಾಯರನ್ನೂ ತಂದು ನೋಡಿದೆವು. ಊಹೂಂ. ಡಿಶ್ ಹಚ್ಚಿದರೆ ಅದೇ ಟಿವಿ ಗಂಟಲು ಹರಿಯುವಂತೆ ಅರಚುತ್ತದೆ. ಅಂದರೆ ದೋಷ ವಿಸಿಆರ್‌ನದೇ.

"ಮುದಿ ಆಗೇತಿ, ಒಗದ ಬಿಡೂನು" ಎಂದರು ನಮ್ಮ ಯಜಮಾನರು. ಅತ್ತೆ ಗೋಡೆಗೆ ಒರಗಿ ಕುಳಿತು, ಅಣ್ಣನ ತುಟಿಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಚಿಲಕ ಸಪ್ಪಳವಾಯಿತು. ನಾಳೆ ಬರಬೇಕಾದ ಮಾವ ಇವತ್ತೇ ಬಂದಿದ್ದರು! ನಾನು ಟಿವಿ ಆರಿಸಲು ತಡಬಡಿಸುವುದರೊಳಗೆ ಅವರು ನೋಡಿಯೇಬಿಟ್ಟರು. ಮಾವ ಟಿವಿಯನ್ನು ನೋಡಿದರು, ತಮ್ಮ ಗಂಟಲನ್ನು ಮುಟ್ಟಿ ತೋರಿಸಿದರು, ಟಿವಿಯೊಳಗಿನವನ ದನಿಯೂ ಹೋಯಿತೇ ಎನ್ನುವಂತೆ ಭುಜ ಕುಣಿಸಿ ನಕ್ಕರು.

ಅತ್ತೆ ಬಿಕ್ಕಿ ಬಿಕ್ಕಿ ಅತ್ತಳು. "ನಗಬ್ಯಾಡೋ ಯಣ್ಣಾ! ನೀ ನನ್ನ ಹಣಮಿ ಅಂತ ಕರಿಯೂದು ಅದರಾಗ ಒಂದ ಉಳದಿತ್ತು. ಅದೂ ಹೋತು."

ಮಾವನ ನಗೆ ನಿಂತಿತು. ತಂಗಿ ಇದನ್ನು ಇಟ್ಟುಕೊಂಡಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಹೋಗಿ ವಿಸಿಆರ್‌ನ ಹಿಂದೆ ಬಗ್ಗಿ, ಬಿಳಿ ಪಿನ್ನು ಕಿತ್ತು ನೋಡಿದರು. ಪಿನ್ನಿನ ತುದಿ ಹಳದಿಯಾಗಿತ್ತು. ಮೂಸಿದರು. ಭಂಡಾರ! ನಮ್ಮ ಬೀರಪ್ಪನ ಅರಿಶಿನ ಪುಡಿ! ಹುಬ್ಬೇರಿಸಿ ತಂಗಿಯ ಕಡೆ ತಿರುಗಿದರು.

"ದಸರಾದ ಖಂಡೆ ಪೂಜಿಗೆ, ಆಯುಧಕ್ಕ ಹಚ್ಚಿದಂಗ, ಇದಕ್ಕೂ ವರ್ಷಾ ಹಚ್ಚೀನಿ" ಎಂದಳು ಅತ್ತೆ ಮೂಗು ಒರೆಸಿಕೊಳ್ಳುತ್ತ. "ನಿನ್ನ ದನಿ ಇರೂ ಪೆಟಗಿ, ಹಂಗ ಬಿಡಲೇನು? ಹಳದಿ ತೂತಿಗೆ ಮೊದಲ ಭಂಡಾರ ಹಚ್ಚಿದಂಗ ಇತ್ತು. ಬಿಳೇದ ಪಾಪ, ಬೋಳ ಹಣಿ ಇದ್ದಂಗ ಕಾಣತಿತ್ತು. ಎಣ್ಣಿ ಬೆರಳಲೆ ಅದಕ್ಕೊಂದ ಚಿಟಿಕಿ ಹಚ್ಚತಿದ್ನಿ." ಹೇಳುತ್ತ ಹೇಳುತ್ತ ಆಕೆಗೇ ತಿಳಿಯಿತು. "ಅಯ್ಯ ನನ್ನ ಕೈ ಸೇದಿ ಹೋಗಲಿ, ನಾನ ನಿನ್ನ ಬಾಯಾಗ ಭಂಡಾರ ತುಂಬೀನಲ್ಲೋ ಯಣ್ಣಾ!"

ಮಾವ ಕರೆಂಟಿನ ಪಿನ್ನು ಕೀಳಿಸಿದರು. ಚೀಲದಲ್ಲಿ ಸದಾ ಇರುವ, ಕಂಬಳಿ ಹೊಲಿಯುವ ದಬ್ಬಣ ತೆಗೆದು ತೂತನ್ನು ಮೆಲ್ಲಗೆ ಕೆರೆದರು. ಎಣ್ಣೆಗೆ ಗಟ್ಟಿಯಾದ ಭಂಡಾರ ಹೆಪ್ಪುಹೆಪ್ಪಾಗಿ ಉದುರಿತು. ಅತ್ತೆ ಅದನ್ನು ನೆಲಕ್ಕೆ ಬೀಳಗೊಡದೆ ಸೆರಗಿನಲ್ಲಿ ಹಿಡಿದಳು. ಬಟ್ಟೆಯಿಂದ ಒರೆಸಿ, ವಾಯರು ಸಿಕ್ಕಿಸಿ, ಕ್ಯಾಸೆಟ್ ಹಿಂದಕ್ಕೆ ಓಡಿಸಿ ಹಚ್ಚಿದೆವು.

ಡೊಳ್ಳು ಗುಡುಗಿತು. ಅದರ ಮೇಲೆ ಮಾವನ ದನಿ ಎದ್ದಿತು. ಮಾವ ಹೊರಸಿನ ಮೇಲೆ ಕುಳಿತು, ಬೇರೆ ಯಾರದೋ ಹಾಡು ಕೇಳುವವರಂತೆ ತಲೆಯಾಡಿಸುತ್ತಿದ್ದರು. ಪದ ಮುಗಿಯಿತು.

"ಹಣಮೀ... ಎಲ್ಲಿ ಹೋದಿಬೇ? ಬಾ ಇಲ್ಲೆ!"

"ಬಂದ್ನಿ ಯಣ್ಣಾ!" ಅತ್ತೆ ಎದ್ದೇಬಿಟ್ಟಳು. ಕರೆದದ್ದು ಟಿವಿ, ಆಕೆ ಹೋಗಿ ನಿಂತದ್ದು ಹೊರಸಿನ ಮುಂದೆ. ಮಾವ ಎರಡೂ ಕೈ ಚಾಚಿ ತಂಗಿಯ ತಲೆ ಹಿಡಿದುಕೊಂಡರು. ಬಾಯಿ ತೆರೆದು, ದನಿಯಿಲ್ಲದೆ, ಆ ಹೆಸರನ್ನು ಇನ್ನೊಮ್ಮೆ ಕರೆದರು. ಆಕೆ "ಹೂಂ ಯಣ್ಣಾ" ಎಂದಳು.

ಹಿಂದೆ ಟಿವಿಯಲ್ಲಿ ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿತ್ತು. ಈ ಸಲವೂ ನಾನು ನೋಡಲಿಲ್ಲ.