ಮೊದಲ ಪಾಳಿ

ನಮ್ಮ ಮನೆಯಲ್ಲಿ ಮೊದಲ ಪದ ಅತ್ತೆಯವರದು. ನಾನು ಸೊಸೆಯಾಗಿ ಬೈರಿದೇವರಕೊಪ್ಪಕ್ಕೆ ಬಂದು ಹನ್ನೊಂದು ವರ್ಷವಾಯಿತು; ಅಂದಿನಿಂದಲೂ ಸಂಜೆ ಚಹಾ ಆದಮೇಲೆ ಇಬ್ಬರೂ ಪದದಾಟಕ್ಕೆ ಕೂರುತ್ತೇವೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅತ್ತೆಯೇ ಅಕ್ಷರದ ಚೀಟಿ ಮಾಡಿದ್ದಾರೆ. ಚೀಲದಿಂದ ಚೀಟಿ ತೆಗೆಯುವುದು, ರಟ್ಟಿನ ಮೇಲೆ ಗೀಚಿದ ಚೌಕಗಳಲ್ಲಿ ಪದ ಕೂಡಿಸುವುದು. ಆಟ ಶುರುವಾಗುವ ನಟ್ಟನಡುವಿನ ಚೌಕಕ್ಕೆ ಮಾತ್ರ ಅವರದೇ ಕೈ.

ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ದೀಪ ಹಚ್ಚುವುದರಿಂದ ಹಿಡಿದು ಹೊಸ ಉಪ್ಪಿನಕಾಯಿ ಭರಣಿ ತೆರೆಯುವವರೆಗೆ ಎಲ್ಲವೂ ಅವರಿಂದಲೇ ಶುರುವಾಗುವ ಮನೆ. ನನಗೋ ಕೈ ತುರಿಸುತ್ತಿತ್ತು. ಒಂದೇ ಒಂದು ಸಲ ಖಾಲಿ ರಟ್ಟಿನ ಮೇಲೆ ನನ್ನ ಪದ ಬೀಳಬೇಕು. ಇಷ್ಟು ಸಣ್ಣ ಆಸೆ, ಆದರೂ ಬಾಯಿಬಿಟ್ಟು ಕೇಳಲಾಗಲಿಲ್ಲ.

ಇಂಥದೇ ಆಟವನ್ನು ಟಿವಿಯವರು ಜೋಡಿಗಳ ಸ್ಪರ್ಧೆ ಮಾಡಿದ್ದಾರೆ, ವಿದ್ಯಾನಗರದಲ್ಲಿ ಆಯ್ಕೆ ನಡೆಯುತ್ತದೆ ಎಂದು ತಿಳಿದ ದಿನದಿಂದ ನಾನು ಕೂತಲ್ಲಿ ಕೂರಲಿಲ್ಲ. ಅತ್ತೆಯ ಹೆಸರನ್ನೂ ಸೇರಿಸಿ ಅರ್ಜಿ ತುಂಬಿದೆ, ತುಂಬಿದ್ದನ್ನೇ ಮೂರು ಸಲ ಓದಿದೆ. ಅಲ್ಲಿ ಹಿರಿಯರು ಕಿರಿಯರು ಎಂದಿಲ್ಲ. ಮೊದಲು ಗುಂಡಿ ಒತ್ತಿದವರದೇ ಪದ. ನನಗೆ ಅದೇ ಬೇಕಾಗಿತ್ತು.

ಆಯ್ಕೆಯ ದಿನ ಸರದಿಯಲ್ಲಿ ನಿಂತು ನೀರಿನ ಬಾಟಲಿ ಖಾಲಿ ಮಾಡಿದೆ, ಬಾಗಿಲಿಗೆ ಹೋಗಿ ಇಣುಕಿ ಬಂದೆ, ಮತ್ತೆ ಹೋದೆ.

"ಒಂದ ಕಡೆ ನಿಂದ್ರವಾ, ನೋಡಿದವರಿಗೆ ತಲಿ ತಿರಗತೈತಿ," ಎಂದರು ಅತ್ತೆ.

ಒಳಗೆ ನಮ್ಮಿಬ್ಬರಿಗೂ ಸೇರಿ ಒಂದೇ ಕೆಂಪು ಗುಂಡಿ. ಎದುರಿಗೆ ಉಣಕಲ್ಲಿನ ಗಂಡಹೆಂಡತಿ. ಪರದೆಯ ಮೇಲೆ ನಾಲ್ಕು ಅಕ್ಷರ ಬಂದವು: ವಾ, ಹ, ಣ, ರಿ. ಹರಿವಾಣ! ನನಗೆ ತಕ್ಷಣ ಹೊಳೆಯಿತು. ಅತ್ತೆಗೂ ಹೊಳೆದಿತ್ತು, ಪದ ಸಿಕ್ಕಾಗ ಅವರು ತುಟಿ ಒಳಗೆ ಎಳೆದುಕೊಳ್ಳುತ್ತಾರೆ. ನನ್ನ ಕೈ ಗುಂಡಿಯ ಮೇಲೆ ಹೋಗಿ ಹಾಗೇ ನಿಂತಿತು. ಅವರು ನನ್ನತ್ತ ತಿರುಗಿದರು.

"ನೀನ ಒತ್ತವಾ."

"ನೀವ ಒತ್ರಿ, ಅತ್ತಿ."

"ನೀನ ಒತ್ತು ಅಂದ್ನಲ್ಲಾ."

"ನೀವಿದ್ದು ನಾ ಹೆಂಗ ಒತ್ಲಿರಿ?"

ಉಣಕಲ್ಲಿನವರು ಒತ್ತಿದರು. ಅಲ್ಲಿಗೆ ನಮ್ಮ ಆಟ ಮುಗಿಯಿತು.

ಆಟೋದಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಪಾಳಿ ಬಿಟ್ಟುಕೊಟ್ಟಿದ್ದರು, ನಾನೇ ಅದನ್ನು ವಾಪಸ್ ಕೊಟ್ಟಿದ್ದೆ. ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಮನೆ ಮುಟ್ಟಿದೆ.

ಸಂಜೆ ಅವರೇ ರಟ್ಟು ಹಾಸಿ ಚೀಲವನ್ನು ನನ್ನ ಮುಂದೆ ಸರಿಸಿದರು. "ಮೊದಲ ನೀ ಹಾಕು."

ಚೀಟಿ ತೆಗೆದೆ, ಪದವೂ ಕಂಡಿತು. ಆದರೆ ಬಾಯಿಂದ ಹೊರಟಿದ್ದು, "ನೀವ ಹಾಕ್ರಿ."

ಅತ್ತೆ ನನ್ನನ್ನೇ ನೋಡಿದರು. "ನಾನ ಕಲಿಸೀನಿ ನಿನಗ ಈ 'ನೀವ' ಅನ್ನೂದನ್ನ," ಎಂದು ಮೆಲ್ಲಗೆ ಹೇಳಿ, ಮೊಣಕಾಲಿಗೆ ಕೈಕೊಟ್ಟು ಎದ್ದರು. "ಒಳಗ ಚಾಕ್ಕ ಇಡ್ತೀನಿ. ನಾ ಬರೂದ್ರಾಗ ಹಾಕಿರು."

ಚಹಾ ಕುಡಿದು ಹತ್ತು ನಿಮಿಷವೂ ಆಗಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾದಮೇಲೆ ಐದು ಚೀಟಿ ಇಟ್ಟೆ.

ಅವರು ಬಂದು ಬಗ್ಗಿ ನೋಡಿದರು. "ಹನ್ನೊಂದ ವರ್ಷ ಕಾದು 'ಕಸಬರಿಗೆ' ಹಾಕಿದ್ಯೇನವಾ?"

"ಹೌದ್ರಿ," ಎಂದೆ. "ಈಗ ನಿಮ್ಮ ಪಾಳಿ."